ಮನೆಯವರು ನುಡಿಸಿದ ಜಲತರಂಗ

ಮನೆಯವರು ಎಂಬ ಜಲತರಂಗ ವಿದ್ವಾಂಸರ ಹೆಸರನ್ನು ನೀವು ಕೇಳಿದ್ದೀರಾ? ಇಲ್ಲ ತಾನೆ? ನಾಚಿಕೆಯಾಗಬೇಕು ನಿಮಗೆ. ಇಂಗ್ಲೆಂಡಿನಲ್ಲಿ ಕೂತವರು, ಜಪಾನಿನಲ್ಲಿ ಕೂತವರು ಈ ಮಹನೀಯರನ್ನು ವರ್ಷಗಟ್ಟಲೆ ಹುಡುಕಿದ್ದಾರೆ. ಯಾವ ಊರಿನವರು, ಯಾರ ಶಿಷ್ಯರು, ಬದುಕಿದ್ದಾರೋ ಇಲ್ಲವೋ ಎಂದು ಅವರವರಲ್ಲೇ ಚರ್ಚೆಯಾಗಿದೆ. ಬದುಕಿದ್ದಾರೆ. ನಾನು ಇದನ್ನು ಬರೆಯುತ್ತಿರುವಾಗ ನಡುಮನೆಯಲ್ಲಿ ಕೂತು ಪೇಪರಿನ ಕೊನೇ ಪುಟ ಓದುತ್ತಿದ್ದಾರೆ. ಜಲತರಂಗದ ಕಡ್ಡಿಯನ್ನು ಜೀವಮಾನದಲ್ಲಿ ಒಂದು ಸಲವೂ ಕೈಯಲ್ಲಿ ಹಿಡಿದವರಲ್ಲ.

ನನಗೆ ಫೋನಿನಲ್ಲಿ ಕನ್ನಡ ಬರೆಯುವುದು ಬಂದು ಮೂರು ತಿಂಗಳಾಯಿತು. ಹೇಳಿಕೊಟ್ಟವಳು ಮೊಮ್ಮಗಳು. ಒತ್ತಕ್ಷರಕ್ಕೆ ಎಲ್ಲಿ ಒತ್ತಬೇಕು ಎಂದು ಕೇಳಿದ್ದಕ್ಕೆ ಒಂದು ವಾರ ನಕ್ಕಳು. ಕಾಲೇಜಿಗೆ ಹೋಗುವ ಹುಡುಗಿ, ಆದರೆ ಹುಚ್ಚು ಮಾತ್ರ ಅವಳು ಹುಟ್ಟುವ ಮೊದಲಿನ ಮಕ್ಕಳ ಕಾರ್ಟೂನುಗಳದ್ದು. ಅದೇ ಹುಚ್ಚಿನವರ ಒಂದು ಗುಂಪು ಫೋನಿನಲ್ಲಿದೆ. ಆ ಕಾಲದಲ್ಲಿ ಒಂದೊಂದು ಕಾರ್ಟೂನಿಗೂ ಹೊಸದಾಗಿ ಸಂಗೀತ ಮಾಡಿಸುತ್ತಿರಲಿಲ್ಲವಂತೆ. ಓಟಕ್ಕೊಂದು, ಅಳುವಿಗೊಂದು, ಮಳೆಗೊಂದು ಎಂದು ಮೊದಲೇ ನುಡಿಸಿ ತುಂಬಿಟ್ಟ ಟೇಪುಗಳಿರುತ್ತಿದ್ದವು. ಬೇಕಾದವರು ಬೇಕಾದ ತುಂಡನ್ನು ತಂದು ಅಂಟಿಸಿಕೊಳ್ಳುತ್ತಿದ್ದರು. ಯಾವ ಬೆಕ್ಕಿನ ಹಿಂದೆ ಯಾವ ಟೇಪು ಓಡುತ್ತಿದೆ, ಅದನ್ನು ನುಡಿಸಿದವರು ಯಾರು ಎಂದು ಪತ್ತೆಮಾಡಿ ಪಟ್ಟಿ ಬರೆಯುವುದು ಈ ಗುಂಪಿನವರ ಕಸುಬು. ಮಾಡಲು ಬೇರೆ ಕೆಲಸವಿಲ್ಲವೇ ಇವರಿಗೆ ಎಂದು ನಾನೂ ಅಂದುಕೊಂಡಿದ್ದೆ.

ಒಂದು ಬೆಳಗ್ಗೆ ನಾನು ಸೊಪ್ಪು ಬಿಡಿಸುತ್ತಿದ್ದೆ. ಮೊಮ್ಮಗಳು ಪಕ್ಕದಲ್ಲಿ ಕೂತು, ಹಿಂದೆ ಭಾನುವಾರ ಟೀವಿಯಲ್ಲಿ ಬರುತ್ತಿದ್ದ ಯಾವುದೋ ಕಾರ್ಟೂನು ಹಾಕಿಕೊಂಡಿದ್ದಳು. ಬೆಕ್ಕು ಹಾಲಿನ ಪಾತ್ರೆಯ ಕಡೆ ಹೆಜ್ಜೆ ಎತ್ತಿಟ್ಟು ಹೋಗುತ್ತಿತ್ತು. ಒಂದೊಂದು ಹೆಜ್ಜೆಗೂ ಒಂದೊಂದು ಬಟ್ಟಲ ಸದ್ದು. ಕೈಯಲ್ಲಿದ್ದ ಸೊಪ್ಪು ಕೈಯಲ್ಲೇ ಉಳಿಯಿತು.

"ಪುಟ್ಟಿ, ಅದನ್ನ ಇನ್ನೊಂದ್ಸಲ ಹಾಕು."

"ಯಾಕಜ್ಜಿ, ಬೆಕ್ಕು ಇಷ್ಟ ಆಯ್ತಾ?"

"ಬೆಕ್ಕಿನ ಮನೆ ಹಾಳಾಯ್ತು. ಅದು ನಾನು ಕಣೇ."

"ಬೆಕ್ಕಾ?"

"ನುಡ್ಸಿರೋದು."

ಅವಳು ನನ್ನನ್ನೂ ಫೋನನ್ನೂ ಎರಡೆರಡು ಸಲ ನೋಡಿದಳು. ಅವಳ ತಪ್ಪಲ್ಲ. ನಾನು ಜಲತರಂಗ ನುಡಿಸುತ್ತಿದ್ದೆ ಎಂಬುದು ಈ ಮನೆಯಲ್ಲಿ ಗೊತ್ತಿದ್ದವರು ಮರೆತ ವಿಷಯ, ಗೊತ್ತಿಲ್ಲದವರಿಗೆ ಯಾರೂ ಹೇಳದ ವಿಷಯ.

ನಮ್ಮ ತಂದೆ ಅರಮನೆಯಲ್ಲಿ ಜಲತರಂಗ ನುಡಿಸುತ್ತಿದ್ದವರು. ನನಗೆ ಆರು ವರ್ಷವಾದಾಗ ಅವರೇ ಕಡ್ಡಿ ಕೊಟ್ಟರು. ಪಿಂಗಾಣಿ ಬಟ್ಟಲುಗಳಿಗೆ ನೀರು ಹಾಕಿ ಶ್ರುತಿ ಮಾಡುವುದನ್ನು ಕಲಿಯಲು ಎರಡು ವರ್ಷ, ನುಡಿಸಲು ಉಳಿದ ವರ್ಷಗಳು. ನನಗೆ ಮದುವೆಯಾಗುವ ಹೊತ್ತಿಗೆ ಅವರ ಕೈ ನಡುಗುತ್ತಿತ್ತು. ಲಕ್ಷ್ಮೀಪುರಂನಲ್ಲಿ ಮಹಡಿಯ ಮೇಲೆ ಒಂದು ರೆಕಾರ್ಡಿಂಗ್ ಕೋಣೆ ಮಾಡಿಕೊಂಡಿದ್ದವರು ಒಬ್ಬರು ಅವರನ್ನು ಕರೆಯಲು ಬಂದರು. ತಂದೆ ತಮ್ಮ ಕೈ ತೋರಿಸಿ, "ಮಗಳನ್ನ ಕರ್ಕೊಂಡ್ ಹೋಗಿ, ನನಗಿಂತ ಚೆನ್ನಾಗಿ ನುಡಿಸ್ತಾಳೆ" ಅಂದರಂತೆ. ಆ ಮಾತನ್ನು ನನ್ನ ಎದುರಿಗೆ ಒಂದು ದಿನವೂ ಅಂದವರಲ್ಲ.

ಅತ್ತೆ ಒಪ್ಪಿದ್ದು, ಗಂಡ ಜೊತೆಗಿರಬೇಕು ಎಂಬ ಕರಾರಿನ ಮೇಲೆ. ಬಟ್ಟಲುಗಳನ್ನು ಹಳೇ ಸೀರೆಯಲ್ಲಿ ಸುತ್ತಿ, ಬುಟ್ಟಿಗೆ ಹುಲ್ಲು ತುಂಬಿ, ಸ್ಕೂಟರಿನ ಮುಂದೆ ಇಟ್ಟುಕೊಂಡು ಹೋದೆವು. ಕೋಣೆಗೆ ಹೋದ ಮೇಲೆ ಇವರು ಕೆಳಗಿಳಿದು ಸ್ಕೂಟರ್ ಕಾಯುತ್ತಾ ನಿಂತರು.

ರೆಕಾರ್ಡಿಂಗ್ ಮೆಷೀನು ತಂದಿದ್ದವರು ಮದರಾಸಿನವರು. ಕನ್ನಡ ಒಂದಕ್ಷರ ಬರುತ್ತಿರಲಿಲ್ಲ. ನನಗೆ ತಮಿಳೂ ಬಾರದು, ಇಂಗ್ಲಿಷೂ ಅಷ್ಟಕ್ಕಷ್ಟೇ. ನಾನು ಹಂಸಧ್ವನಿ ಶುರುಮಾಡಿದ ಕೂಡಲೇ ಕೈ ಅಡ್ಡ ತಂದು ನಿಲ್ಲಿಸಿದರು. ಆಮೇಲೆ ಆ ಐವತ್ತು ವರ್ಷದ ಮನುಷ್ಯ, ಪ್ಯಾಂಟು ಎತ್ತಿಕೊಂಡು, ತುದಿಗಾಲಲ್ಲಿ ನಡೆದು, ಮಿಯಾಂವ್ ಅಂದರು. ರಾಗ ಬೇಡ, ತಾಳ ಬೇಡ, ಬೆಕ್ಕು ಬೇಕು. ನಲವತ್ತು ಸೆಕೆಂಡು. ಅವತ್ತು ನಾನು ಬೆಕ್ಕು ನುಡಿಸಿದೆ, ಮೊಲ ನುಡಿಸಿದೆ, ಮೆಟ್ಟಿಲಿಂದ ಉರುಳುವ ಆನೆ ನುಡಿಸಿದೆ. ತಂದೆ ಕೇಳಿದ್ದರೆ ಏನನ್ನುತ್ತಿದ್ದರೋ. ನನಗಂತೂ ಅಷ್ಟು ಖುಷಿಯಾದ ದಿನ ಅದರ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ.

ಕೊನೆಗೆ ಒಂದು ಕಾರ್ಡು ತೆಗೆದು, ಪೆನ್ನು ಹಿಡಿದು, "ನೇಮ್?" ಅಂದರು.

ಹೊಸದಾಗಿ ಮದುವೆಯಾದವಳು, ಪರ ಗಂಡಸು. ನಾನು ಕಿಟಕಿಯ ಕಡೆ ಕೈ ತೋರಿಸಿ, "ಮನೆಯವರು" ಅಂದೆ. ಗಂಡ ಕೆಳಗಿದ್ದಾರೆ, ಹೆಸರು ಗಿಸರು ಅವರನ್ನೇ ಕೇಳಿ ಎಂದು ಅರ್ಥ. ಗಂಡನ ಹೆಸರನ್ನಂತೂ ಬಾಯಲ್ಲಿ ಹೇಳುವ ಹಾಗಿಲ್ಲ, ನನ್ನ ಹೆಸರನ್ನು ಯಾರಾದರೂ ಕೇಳಿಯಾರು ಎಂದು ತಲೆಗೇ ಬರಲಿಲ್ಲ. ಅವರು ತಲೆಯಾಡಿಸಿ ಇಂಗ್ಲಿಷಿನಲ್ಲಿ ನೀಟಾಗಿ ಬರೆದುಕೊಂಡರು. ಮನೆಯವರು.

ಮನೆಗೆ ಬಂದಾಗ ಅತ್ತೆ ಕೇಳಿದ್ದು ಒಂದೇ ಮಾತು: "ಹೆಸ್ರು ಎಲ್ಲೂ ಬರೆಸ್ಲಿಲ್ಲ ತಾನೆ?" "ಇಲ್ಲಮ್ಮ" ಎಂದರು ಇವರು. ಮುಂದಿನ ಸಲ ಕೋಣೆಯವರು ಹೇಳಿಕಳಿಸಿದಾಗ, ಸೊಸೆಗೆ ಮೈ ಸರಿಯಿಲ್ಲ ಎಂದು ಅತ್ತೆ ಬಾಗಿಲಲ್ಲೇ ನಿಂತು ಹೇಳಿದರು. ಪಿಂಗಾಣಿ ಮಡಿಗೆ ಬಾರದ್ದು ಎಂದು ಬಟ್ಟಲುಗಳು ಹಿತ್ತಲಿಗೆ ಹೋದವು. ಕಾಗೆಗೆ ನೀರಿಡಲು ಒಂದು, ತುಳಸಿಗೆ ಹಾಕುವ ಚೊಂಬಿನಡಿ ಒಂದು. ವರ್ಷಕ್ಕೆ ಎರಡೋ ಮೂರೋ ಒಡೆದು ಮುಗಿದವು.

ಮೊಮ್ಮಗಳ ಗುಂಪಿನಲ್ಲಿ ಒಬ್ಬರು ಗುಜರಿಯಿಂದ ಹಳೇ ಟೇಪುಗಳ ಪೆಟ್ಟಿಗೆ ಕೊಂಡಿದ್ದರಂತೆ. ಅದರೊಳಗೆ ಆ ಕಾರ್ಡು ಇತ್ತು. ಹಾಗಾಗಿ ಪಟ್ಟಿಯಲ್ಲಿ ಬೆಕ್ಕಿನ ನಡಿಗೆಯ ಎದುರು ವಿದ್ವಾನ್ ಮನೆಯವರು ಕೂತಿದ್ದರು. ಅದನ್ನು ಮೊಮ್ಮಗಳು ಓದಿ ಹೇಳಿದಾಗ ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಕ್ಕು ಮುಗಿದ ಮೇಲೆ, ಅಲ್ಲಿ ನನ್ನ ಹೆಸರು ಇರಬೇಕು ಅನ್ನಿಸಿತು. ಇಷ್ಟು ವರ್ಷ ಅನ್ನಿಸದೇ ಇದ್ದದ್ದು ಹೇಗೋ ಗೊತ್ತಿಲ್ಲ, ಅನ್ನಿಸಿದ ಮೇಲೆ ನಿದ್ದೆ ಬರಲಿಲ್ಲ.

ನಾನು ಕನ್ನಡದಲ್ಲಿ ಬರೆದೆ, ಅವಳು ಇಂಗ್ಲಿಷು ಮಾಡಿ ಹಾಕಿದಳು. ಪುರಾವೆ ಕೇಳಿದರು. ಕೊಟ್ಟೆ. ಆ ತುಂಡಿನ ಕೊನೆಯಲ್ಲಿ ಸ್ವರ ಏರುತ್ತದೆ, ಟೇಪು ಜೋರಾಗಿ ಓಡಿದೆ ಎಂದು ಪಟ್ಟಿಯಲ್ಲಿ ಬರೆದುಕೊಂಡಿದ್ದರು. ಟೇಪು ಜೋರಾಗಿ ಓಡಿದರೆ ಎಲ್ಲ ಸ್ವರವೂ ಏರಬೇಕಲ್ಲ? ಏರುವುದು ನಿಷಾದ ಒಂದೇ. ಆ ಬಟ್ಟಲಿಗೆ ಕೂದಲೆಳೆಯಷ್ಟು ಬಿರುಕಿತ್ತು, ನೀರು ಜಿನುಗುತ್ತಿತ್ತು, ನೀರು ಕಡಿಮೆಯಾದಷ್ಟೂ ಸ್ವರ ಮೇಲೆ ಹೋಗುತ್ತದೆ. ಒಂದೊಂದು ತುಂಡು ಶುರುಮಾಡುವ ಮೊದಲೂ ನಾನು ಚಮಚದಲ್ಲಿ ನೀರು ಹಾಕುತ್ತಿದ್ದೆ, ಬೆಕ್ಕಿನ ಸರದಿಯಲ್ಲಿ ನಗು ಬಂದು ಮರೆತೆ. ಇದನ್ನು ಓದಿ ಅವರೆಲ್ಲ ಮತ್ತೆ ಮತ್ತೆ ಕೇಳಿ ನೋಡಿದರು. ಹೌದು, ನಿಷಾದ ಒಂದೇ, ಎಂದು ಜಪಾನಿನವರು ಬರೆದರು. ಅವತ್ತು ನಾನು ಎರಡು ಲೋಟ ಕಾಫಿ ಹೆಚ್ಚಿಗೆ ಕುಡಿದೆ.

ಕೆಡಿಸಿದವರು ನಮ್ಮ ಕನ್ನಡದವರೇ. ಪಟ್ಟಿ ನೋಡಿಕೊಳ್ಳುವ ಬೆಂಗಳೂರಿನ ಒಬ್ಬರು, ಅದುವರೆಗೆ ಅದನ್ನು ಮನೆತನದ ಹೆಸರು ಅಂದುಕೊಂಡಿದ್ದವರು, ಮನೆಯವರು ಅಂದರೆ ಕನ್ನಡದಲ್ಲಿ ಗಂಡ ಎಂದು ಎಲ್ಲರಿಗೂ ಬಿಡಿಸಿ ಹೇಳಿದರು. ಅಂದಮೇಲೆ ನುಡಿಸಿದವರು ಆ ತಾಯಿಯ ಯಜಮಾನರು, ಪಕ್ಕದಲ್ಲಿ ಕೂತು ನೋಡಿದ್ದನ್ನು ಈಕೆ ವಯಸ್ಸಾದ ಮೇಲೆ ತನ್ನದೇ ಅಂದುಕೊಂಡಿದ್ದಾರೆ, ಪಾಪ, ಅಂದರು. ಖಾತ್ರಿ ಮಾಡಿಕೊಳ್ಳಲು ಮೊಮ್ಮಗಳ ಹತ್ತಿರ ನಂಬರು ತೆಗೆದುಕೊಂಡು ಮನೆಗೆ ಫೋನು ಮಾಡಿದರು.

ನಾನು ಅಡಿಗೆಮನೆಯ ಬಾಗಿಲಲ್ಲಿ ಅವರೆಕಾಳು ಹಿದುಕುತ್ತಿದ್ದೆ. ಇವರಿಗೆ ಕಿವಿ ಮಂದ, ಯಾವಾಗಲೂ ಸ್ಪೀಕರಿಗೆ ಹಾಕಿಯೇ ಮಾತಾಡುವುದು.

"ಸರ್, ಆ ಕಾರ್ಡಲ್ಲಿರೋ ಮನೆಯವರು ನೀವೇನಾ?"

"ಹೌದು ಕಣ್ರೀ, ನಾನೇ."

"ಎಷ್ಟು ವರ್ಷದಿಂದ ಹುಡುಕ್ತಿದ್ವಿ ಸರ್. ಆ ಬೆಕ್ಕಿನ ಪೀಸಂತೂ ಅದ್ಭುತ."

"ಅಯ್ಯೋ, ಅದೇನ್ ಮಹಾ ಬುಡಿ. ಇಪ್ಪತ್ತೆರಡು ಬಟ್ಲು, ಸ್ಕೂಟರಲ್ಲಿ ಹೋಗಿದ್ದು. ದಾರೀಲಿ ಒಂದೂ ಒಡೀಲಿಲ್ಲ ನೋಡಿ."

"ತುಂಬಾ ವಿನಯ ಸರ್ ನಿಮ್ದು."

ಒಂದು ಸುಳ್ಳೂ ಆಡಲಿಲ್ಲ ಆ ಪುಣ್ಯಾತ್ಮ. ಇನ್ನೊಂದು ಮಾತು ಬರುತ್ತದೆ ಎಂದು ನಾನು ಕಾದೆ. ಕೈಯಲ್ಲಿದ್ದ ಕಾಳು ಸಿಪ್ಪೆಯಿಂದ ಜಾರಿ ನೆಲಕ್ಕೆ ಬಿತ್ತು. ಇವರು ತಮ್ಮ ಹೆಸರು ಹೇಳಿ, ಇನಿಷಿಯಲ್ ಹೇಳಿ, ಕೊನೆಯಲ್ಲಿ ಎರಡು ಎ ಬರುತ್ತೆ ಎಂದು ತಿದ್ದಿಸಿ, ಫೋನು ಇಟ್ಟರು. ಸಾಯಂಕಾಲದೊಳಗೆ ಪಟ್ಟಿ ಬದಲಾಗಿತ್ತು. ಬಂದ ಹೊಗಳಿಕೆಗಳನ್ನು ಮೊಮ್ಮಗಳ ಕೈಲಿ ಒಂದೊಂದಾಗಿ ಓದಿಸಿ ಕೇಳಿದರು.

ಅವಳು ಸುಮ್ಮನಿರಲಿಲ್ಲ. "ತಾತ, ಅಜ್ಜಿ ನುಡ್ಸಿದ್ದು ಅಂತ ಯಾಕ್ ಹೇಳ್ಲಿಲ್ಲ?"

"ಅವ್ರು ಕೇಳ್ಲಿಲ್ವಲ್ಲಮ್ಮ."

ಅವಳೇ ಆ ಬೆಂಗಳೂರಿನವರಿಗೆ ಉದ್ದುದ್ದ ಬರೆದಳು. ಮನೆಯೊಳಗಿನ ಜಗಳಕ್ಕೆ ನಾವು ಕೈಹಾಕುವುದಿಲ್ಲ, ಯಜಮಾನರೇ ಬಾಯಿಬಿಟ್ಟು ಹೇಳಿದರೆ ತಿದ್ದುತ್ತೇವೆ ಎಂದು ಉತ್ತರ ಬಂತು.

ಹಾಗಾಗಿ ಎಲ್ಲವೂ ಇವರ ಬಾಯಿಗೇ ಬಂದು ನಿಂತಿತು. ಮಾರನೇ ದಿನ ಕಾಫಿ ಕೊಟ್ಟು, ನಾನೇ ನಂಬರು ಒತ್ತಿ, ಫೋನನ್ನು ಇವರ ಮುಂದೆ ಹಿಡಿದೆ. ಇಷ್ಟು ವರ್ಷದ ಸಂಸಾರದಲ್ಲಿ ನಾನು ಇವರನ್ನು ಒಂದು ಸೀರೆಯನ್ನೂ ಬಾಯಿಬಿಟ್ಟು ಕೇಳಿದವಳಲ್ಲ.

"ಒಂದ್ ಮಾತು ಹೇಳ್ಬುಡಿ ಸಾಕು. ನುಡ್ಸಿದ್ದು ನಾನಲ್ಲ, ಅವ್ಳು ಅಂತ."

"ಅವ್ಳು ಅಂದ್ರೆ ಅವ್ರು ಏನಂತ ಬರ್ಕೋತಾರೆ?"

"ಹೆಸ್ರು ಹೇಳಿ."

ಇವರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿಕೊಂಡರು. ಫೋನು ಅತ್ತ ಕಡೆ ರಿಂಗಾಗುತ್ತಲೇ ಇತ್ತು.

"ಹೇಳ್ತೀನಿ ಕಣೇ, ಅದಕ್ಕೇನಂತೆ. ಯಾವ್ದು ಹೇಳ್ಲಿ? ನಿಮ್ಮಪ್ಪ ಇಟ್ಟಿದ್ದಾ, ಮದ್ವೇಲಿ ನಮ್ಮಮ್ಮ ಬದಲಾಯ್ಸಿದ್ದಾ?"