ಚಟ್ಟದ ಮೇಲೆ ನಿರ್ಮಾಪಕ

೨೦೦೪ರಲ್ಲಿ ನಾನು ದೆವ್ವದ, ಕೊಲೆಯ ಚಿತ್ರಗಳಿಗೆ ಕಥೆ ಬರೆದು ನಿರ್ದೇಶನ ಮಾಡುತ್ತಿದ್ದೆ. ಇಟಲಿಯ ಕೊಲೆ ಚಿತ್ರಗಳ ಕ್ಯಾಸೆಟ್ ತಿರುಗಿಸಿ ತಿರುಗಿಸಿ ಕಸುಬು ಕಲಿತವನು ನಾನು. ಅದರ ಹಿಂದಿನ ವರ್ಷ, ಹೊಸದಾಗಿ ಬಿಡುಗಡೆಯಾದ ನನ್ನ ಚಿತ್ರವನ್ನು ಹೆಂಡತಿಗೆ ತೋರಿಸಲು ನರಸಿಂಹರಾಜಪುರದ ಟಾಕೀಸಿಗೆ ಕರೆದುಕೊಂಡು ಹೋಗಿದ್ದೆ. ತೆರೆಯ ಮೇಲೆ ನಿರ್ದೇಶಕನೆಂದು ಬಂದ ಹೆಸರು ನಿರ್ಮಾಪಕ ನಾಗಭೂಷಣನ ಭಾಮೈದ ಸುರೇಶನದು! ಸೆಟ್ಟಿನಲ್ಲಿ ಆ ಮಹಾಶಯ ಮಾಡಿದ ಕೆಲಸ ಕುರ್ಚಿ ಬಿಸಿ ಮಾಡಿದ್ದಷ್ಟೇ. ಹೆಂಡತಿ ತೆರೆ ಬಿಟ್ಟು ನನ್ನ ಮುಖ ನೋಡಿದಳು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

ಅದೇ ನಾಗಭೂಷಣ ನಾಚಿಕೆಯಿಲ್ಲದೆ ಮುಂದಿನ ಚಿತ್ರಕ್ಕೂ ಕರೆದ. ಹೋದೆ. ಅವನಿಗೆ ನಟನೆಯ ಹುಚ್ಚು. ಅವನಿಗಾಗಿಯೇ ಒಬ್ಬ ಜಮೀನ್ದಾರನ ಪಾತ್ರ ಬರೆದು, ಮೊದಲ ರೀಲಿನಲ್ಲೇ ಕೊಂದುಹಾಕಿದೆ.

ನಮ್ಮ ಕಸುಬಿನಲ್ಲೊಂದು ಪದ್ಧತಿಯಿದೆ. ಹೆಣವಾಗಿ ನಟಿಸಿದವರು ಏಳುವ ಮೊದಲು ಕ್ಯಾಮೆರಾ ನೋಡಿ ನಗಬೇಕು, ಅದನ್ನೂ ಚಿತ್ರೀಕರಿಸಬೇಕು. ಇಲ್ಲವಾದರೆ ಅಪಶಕುನ ಅಂಟಿಕೊಳ್ಳುತ್ತದೆಂಬ ನಂಬಿಕೆ. ಆ ನಗುವಿಗೆ ‘ಆಕ್ಷನ್’ ಹೇಳಬೇಕಾದವನು ನಿರ್ದೇಶಕನೇ. ನಾಗಭೂಷಣನೋ, ಬೆಕ್ಕು ಅಡ್ಡ ಬಂದರೆ ಕಾರು ತಿರುಗಿಸುವ ಆಸಾಮಿ.

ಶೃಂಗೇರಿ ಬಳಿಯ ಮೆಣಸೆಯಲ್ಲಿ, ಕೊಯ್ಲಾದ ಗದ್ದೆಯೊಂದರಲ್ಲಿ ಅವನನ್ನು ಚಟ್ಟದ ಮೇಲೆ ಮಲಗಿಸಿದೆವು. ಊರಿಗೆ ಊರೇ ನೋಡಲು ಸೇರಿತ್ತು. ಹೆಣದ ಶಾಟ್ ಮುಗಿದ ಕೂಡಲೇ ನಾನು ‘ಕಟ್’ ಎಂದು ಕುರ್ಚಿಯಲ್ಲಿ ಕೂತು ಚಹಾ ತರಿಸಿದೆ.

“ನಗೋ ಶಾಟ್ ತೆಗಿ ಮಾರಾಯ,” ಎಂದ ಮಲಗಿದಲ್ಲಿಂದಲೇ.

“ಅದು ಡೈರೆಕ್ಟರ್ ಕೆಲಸ ಅಲ್ವಾ ಸಾರ್? ಸುರೇಶನ್ನೇ ಕರೀರಿ.”

ಚಟ್ಟಕ್ಕೆ ಹಗ್ಗ ಬಿಗಿದಿರಲಿಲ್ಲ, ಏಳಬಹುದಿತ್ತು. ಏಳಲಿಲ್ಲ. ಸುರೇಶ ಹಲ್ಲು ಕಿರಿಯುತ್ತ ಬಂದು ಇನ್ನೇನು ಬಾಯಿ ತೆರೆಯಬೇಕು, ನಾಗಭೂಷಣ ಕಿರುಚಿದ.

“ಬಾಯ್ಮುಚ್ಚೋ! ನೀನೆಂತ ಡೈರೆಕ್ಟರ್? ನನ್ನ ಸಾಯಿಸ್ತೀಯಾ?” ಆಮೇಲೆ ನನ್ನತ್ತ ಕೈ ಮುಗಿದ. “ಆ ಪಿಕ್ಚರ್ ಮಾಡಿದ್ದು ನೀನೇ ಮಾರಾಯ! ಇದಕ್ಕೆ ನಿನ್ನ ಹೆಸರೇ ಹಾಕ್ತೇನೆ, ದೇವರಾಣೆ! ಒಮ್ಮೆ ಎಬ್ಬಿಸು!”

“ಕೇಳಿಸ್ಲಿಲ್ಲ ಸಾರ್,” ಎಂದೆ.

ಊರಿಗೆಲ್ಲ ಕೇಳುವಂತೆ ಮತ್ತೆ ಹೇಳಿದ. ನಮಗೆ ಚಟ್ಟ ಕಟ್ಟಿಕೊಟ್ಟಿದ್ದ ತಿಮ್ಮಪ್ಪಗೌಡರು, “ಎಂತ ಮಾರಾಯ್ರೆ, ಬದುಕಿದ್ದಾಗ ಹೇಳದ ಸತ್ಯಾನ ಈಗ ಹೆಣ ಹೇಳ್ತದಲ್ಲ!” ಎಂದರು. ಗದ್ದೆಗೆ ಗದ್ದೆಯೇ ನಕ್ಕಿತು. ಅಬ್ಬಾ, ನನ್ನ ಹೊಟ್ಟೆ ತಣ್ಣಗಾಯಿತು.

ಚಿತ್ರ ಕೊಪ್ಪಕ್ಕೆ ಬಂದಾಗ ತೆರೆಯ ಮೇಲೆ ನನ್ನ ಹೆಸರಿತ್ತು, ಪಕ್ಕದಲ್ಲಿ ಹೆಂಡತಿಯಿದ್ದಳು. ಕ್ಷಮೆ ದೊಡ್ಡದೆಂದು ಹಲವರು ನನಗೆ ಬುದ್ಧಿ ಹೇಳಿದ್ದಾರೆ. ಕಸುಬು ನನಗೆ ಕಲಿಸಿದ್ದು ಬೇರೆ: ಸೇಡಿಗೆ ಕತ್ತಿ ಬೇಡ, ಎದುರಿನವನ ಭಯ ಯಾವುದೆಂದು ತಿಳಿದಿದ್ದರೆ ಸಾಕು.

ಅಂದು ಗದ್ದೆಯಲ್ಲಿ ಕೊನೆಗೆ ‘ಆಕ್ಷನ್’ ಎಂದೆ. ನಾಗಭೂಷಣ ಹೇಗೋ ತುಟಿ ಅಗಲಿಸಿ ನಕ್ಕು, ಏಳಲು ಹೊರಟ.

“ನಗು ಸಾಲ್ದು ಸಾರ್, ಮಲಕ್ಕೊಳ್ಳಿ,” ಎಂದೆ. “ಒನ್ ಮೋರ್!”