ಕಲ್ಯಾಣದುರ್ಗದ ಬಸ್ಸಿನಲ್ಲಿ ಬಿಟ್ಟ ಬಾಯಿಪಾಠ

2004ನೇ ಇಸವಿಯಲ್ಲಿ ನಾನು ಹಿಂದೂಪುರದ ಸಮೀಪದ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕನಾಗಿ ಕರ್ತವ್ಯ ನಿರ್ವಹಿಸುತ್ತಿದ್ದೆನು. ಸದರಿ ಅವಧಿಯ ಒಂದು ಪ್ರಕರಣವನ್ನು ಓದುಗರ ಅವಗಾಹನೆಗೆ ತರಬಯಸುತ್ತೇನೆ. ಇಲಾಖೆಯ ಪತ್ರಗಳ ಹೊರತು ಬೇರೇನೂ ಬರೆದು ಅಭ್ಯಾಸವಿಲ್ಲದ ಕಾರಣ, ಲೋಪಗಳಿದ್ದಲ್ಲಿ ಮನ್ನಿಸಬೇಕೆಂದು ವಿನಂತಿ.

ಹತ್ತನೆಯ ತರಗತಿ ಮುಗಿಸಿದ್ದ ವಿದ್ಯಾರ್ಥಿನಿ ರತ್ನಮ್ಮ ಕಲ್ಯಾಣದುರ್ಗದ ಒಂದು ವಸತಿ ಕಾಲೇಜಿಗೆ ಅರ್ಜಿ ಸಲ್ಲಿಸಿದ್ದಳು. ಇಂಗ್ಲಿಷ್ ಮೌಖಿಕ ಪರೀಕ್ಷೆಯೊಂದೇ ಬಾಕಿ ಇತ್ತು. ಆಯ್ಕೆಯಾದರೆ ನೋಡೋಣ, ಇಲ್ಲವಾದರೆ ಸೋಮವಾರದಿಂದ ಬಟ್ಟೆ ಕಾರ್ಖಾನೆಗೆ ಹೋಗತಕ್ಕದ್ದು ಎಂದು ಅವಳ ತಂದೆ ತೀರ್ಮಾನಿಸಿದ್ದರು.

ಇಂಗ್ಲಿಷಿನಲ್ಲಿ ಕೆಲವು ಕ್ರಿಯಾಪದಗಳ ನಂತರ ಬರುವ ಕ್ರಿಯೆಗೆ ‘ಇಂಗ್’ ಸೇರುತ್ತದೆ, ಅದು ಜೆರಂಡ್. ಕೆಲವುಗಳ ನಂತರ ‘ಟು’ ಬರುತ್ತದೆ, ಅದು ಇನ್‌ಫಿನಿಟಿವ್. ಎಂಜಾಯ್ ಆದರೆ ರೀಡಿಂಗ್, ರೆಫ್ಯೂಸ್ ಆದರೆ ಟು ರೀಡ್. ಯಾವುದಕ್ಕೆ ಯಾವುದೆಂಬ ಸುಲಭ ಸೂತ್ರವಿಲ್ಲ. ಆದ್ದರಿಂದ ನಾನು ಎರಡು ಪಟ್ಟಿ ಮಾಡಿ, ಮಗ್ಗಿಯಂತೆ ರಾಗವಾಗಿ ಹೇಳಿಸುತ್ತಿದ್ದೆನು. ಇಡೀ ತರಗತಿ ಒಕ್ಕೊರಲಿನಿಂದ ಒಪ್ಪಿಸುವಾಗ ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ನಿಂತು ತಲೆದೂಗುತ್ತಿದ್ದರು. ನನಗೂ ಹೆಮ್ಮೆಯಿತ್ತು.

ಪರೀಕ್ಷೆಯ ಬೆಳಿಗ್ಗೆ ರತ್ನಮ್ಮ ಮತ್ತು ಅವಳ ಸೋದರತ್ತೆ ನಾಗಮ್ಮನವರು ಹಿಂದೂಪುರದಲ್ಲಿ ನನ್ನೊಡನೆ ಬಸ್ ಹತ್ತಿದರು. “ರೆಫ್ಯೂಸ್ ನಂತರ ಯಾವುದಮ್ಮಾ?” ಎಂದು ಸುಮ್ಮನೆ ಕೇಳಿದೆನು. ಉತ್ತರವಿಲ್ಲ. “ಇದೂ ಗೊತ್ತಿಲ್ವಾ?” ಎಂದು ಗದರಿದೆನು.

“ತಡೀರಿ ಸಾ, ಇನ್ನಾ ಎಣಿಸ್ತಾವ್ಳೆ,” ಎಂದರು ನಾಗಮ್ಮ. “ಅವಳ ಬೆಳ್ಳು ನೋಡ್ರಿ.”

ನೋಡಿದೆನು. ಬೆರಳುಗಳು ಒಂದೊಂದಾಗಿ ಮಡಚಿಕೊಳ್ಳುತ್ತಿದ್ದವು, ತುಟಿ ಅಲುಗುತ್ತಿತ್ತು.

“ಮೊದ್ಲಿಂದ ಹೇಳ್ಕೊಂಡು ಬಂದ್ರೇನೇ ಸಾ ಸಿಗೋದು. ಒಂದ್ನೇ ಪಟ್ಟೀಲಿ ಇರ್ಲಿಲ್ಲ, ಎರಡ್ನೇದರಾಗೆ ಹೋಗ್ತಿದ್ದೆ,” ಎಂದಳು ರತ್ನಮ್ಮ.

ಕೇಳಿದ ಪದ ಸಿಗುವವರೆಗೆ ಅವಳು ಮಗ್ಗಿಯನ್ನೆಲ್ಲ ನಡೆದು ಬರುತ್ತಿದ್ದಳು. ಮೌಖಿಕ ಪರೀಕ್ಷೆಯಲ್ಲಿ ಯಾರು ಅಷ್ಟು ಹೊತ್ತು ಕಾಯುವರು? ತಪ್ಪು ಅವಳದಲ್ಲ, ನನ್ನದು. ಅದನ್ನು ಸರಿಪಡಿಸಲು ಈ ಪ್ರಯಾಣದಷ್ಟೇ ಸಮಯ ಉಳಿದಿತ್ತು.

ಸೋಮಂದೇಪಲ್ಲಿಯಲ್ಲಿ ಒಬ್ಬ ಮುದುಕಿ ಕೋಳಿಬುಟ್ಟಿಯೊಂದಿಗೆ ಹತ್ತಿದರು. ಬುಟ್ಟಿಯನ್ನು ಬಸ್ಸಿನ ಮೇಲೆ ಹಾಕೆಂದು ಕಂಡಕ್ಟರು ಕೂಗಾಡಿದರು.

“ಬಿಸಿಲಿಗೆ ಸತ್ತೋಯ್ತವೆ ಕಣಪ್ಪ! ಬೇಕಾದ್ರೆ ನೀನೇ ಮ್ಯಾಕತ್ತಿ ಕೂತ್ಕೋ!”

ಬಸ್ಸೆಲ್ಲ ನಕ್ಕಿತು. ಕಂಡಕ್ಟರು ಕೂಗಾಟ ನಿಲ್ಲಿಸಿದರು. ತಕ್ಷಣ ನನಗೆ ಹೊಳೆಯಿತು. “ರತ್ನಮ್ಮಾ, ಎಣಿಸಬೇಡ, ಅಜ್ಜಿಯನ್ನು ನೋಡಿ ಹೇಳು. ಶಿ ರೆಫ್ಯೂಸ್ಡ್...”

“ಟು ಮೂವ್ ದಿ ಬ್ಯಾಸ್ಕೆಟ್!”

“ಕಂಡಕ್ಟರ್ ಸ್ಟಾಪ್ಡ್...”

“ಶೌಟಿಂಗ್!”

ಬೆರಳು ಮಡಚಿರಲಿಲ್ಲ! ನಾನು ಸೀಟಿನಿಂದ ಎದ್ದೇಬಿಟ್ಟೆನು.

“ಏನಪ್ಪ ಮೇಷ್ಟ್ರೇ, ಇಂಗ್ಲೀಷ್ನಾಗೆ ನನ್ನೇ ಬೈತಾ ಇದೀರಾ?” ಎಂದರು ಮುದುಕಿ.

“ಇಲ್ಲವ್ವಾ, ನೀವೇ ಇವತ್ತಿನ ಪಾಠ,” ಎಂದೆನು.

ಅಲ್ಲಿಂದ ದಾರಿಯಲ್ಲಿ ಕಂಡವರೆಲ್ಲ ನಮ್ಮ ವಾಕ್ಯಗಳಾದರು. ಕೆಲವು ತಪ್ಪಾದವು. ಕಲ್ಯಾಣದುರ್ಗ ತಲುಪುವ ವೇಳೆಗೆ ಅವಳೇ ನನಗೆ ಪ್ರಶ್ನೆ ಕೇಳುತ್ತಿದ್ದಳು.

ಮೌಖಿಕ ಪರೀಕ್ಷೆಯ ಕೊಠಡಿಯ ಬಾಗಿಲು ತೆರೆದಿತ್ತು. ನಾನು ಮತ್ತು ನಾಗಮ್ಮನವರು ಹೊರಗಿನ ಬೆಂಚಿನಲ್ಲಿ ಆಸೀನರಾಗಿದ್ದೆವು. ಪರೀಕ್ಷಕಿಯವರು ‘ಪ್ರಾಮಿಸ್’ ಪದ ಕೊಟ್ಟು ವಾಕ್ಯ ಕೇಳಿದರು. ಬಸ್ಸಿನಲ್ಲಿ ಈ ಪದ ಬಂದೇ ಇರಲಿಲ್ಲ. ಬೆನ್ನ ಹಿಂದೆ ರತ್ನಮ್ಮನ ಒಂದು ಬೆರಳು ಮಡಚಿಕೊಂಡಿತು, ಎರಡನೆಯದೂ ಮಡಚಿಕೊಂಡಿತು. ಆಮೇಲೆ ಅವಳು ಎಣಿಕೆ ಬಿಟ್ಟು ಮುಷ್ಟಿ ಕಟ್ಟಿದಳು.

“ಮೈ ಆಂಟ್ ಪ್ರಾಮಿಸ್ಡ್ ಟು ಫೈಟ್ ಮೈ ಫಾದರ್.”

ಪರೀಕ್ಷಕಿಯವರು ಕನ್ನಡಕ ತೆಗೆದು ಅವಳನ್ನು ನೋಡಿದರು. ಸೀಟು ಸಿಗದಿದ್ದರೆ ಏನು ಮಾಡುವೆ ಎಂದು ಇಂಗ್ಲಿಷಿನಲ್ಲೇ ಕೇಳಿದರು.

“ಐ ವಿಲ್ ಕೀಪ್ ಆಸ್ಕಿಂಗ್, ಮೇಡಂ.”

ಮಧ್ಯಾಹ್ನ ಅಂಟಿಸಿದ ಆಯ್ಕೆಪಟ್ಟಿಯಲ್ಲಿ ಅವಳ ಹೆಸರಿತ್ತು. ನಾನು ನಾಗಮ್ಮನವರಿಗೆ ಅವಳ ಉತ್ತರವನ್ನು ಕನ್ನಡದಲ್ಲಿ ತಿಳಿಸಿದೆನು.

“ನಿಮ್ಮಪ್ಪನ್ ತಾವ ಜಗಳ ಆಡ್ತೀನಿ ಅಂತ ನಾನ್ಯಾವಾಗಂದ್ನೇ?” ಎಂದು ಅವರು ಸೋದರಸೊಸೆಯ ತಲೆಗೆ ಮೊಟಕಿದರು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. “ದೊಡ್ಡೋರ ಮುಂದೆ ಹೇಳ್ಬುಟ್ಟವ್ಳೆ. ಇನ್ನ ಆಡ್ಲೇಬೇಕು. ನಡೀರಿ ಸಾ, ಬಸ್ಸು ಹೋಯ್ತದೆ.”

ಅವರು ಜಗಳ ಆಡಿದರು, ಗೆದ್ದರು. ರತ್ನಮ್ಮ ಕಾಲೇಜು ಸೇರಿದಳು.

ಮೇಲ್ಕಂಡ ಪ್ರಕರಣದಿಂದ ವೃತ್ತಿಯು ನನಗೆ ಕಲಿಸಿದ್ದಿಷ್ಟು: ಮಗು ಸುಮ್ಮನಿದ್ದರೆ ಅದಕ್ಕೆ ಗೊತ್ತಿಲ್ಲವೆಂದು ಷರಾ ಬರೆಯುವ ಮುನ್ನ, ನಾವೇ ತೋರಿಸಿದ ಸುತ್ತುದಾರಿಯಲ್ಲಿ ಅದು ಇನ್ನೂ ನಡೆದು ಬರುತ್ತಿದೆಯೇ ಎಂದು ನೋಡತಕ್ಕದ್ದು.