ಪವರ್ ಕಾರಿನ ಪಕ್ಕದ ಬೋಗಿ

ನಮ್ಮವರು ರೈಲಿನ ಪವರ್ ಕಾರಿನಲ್ಲಿ ಕೆಲಸ ಮಾಡುತ್ತಾರೆ. ಹಾಗೆಂದರೆ ಪುಣೆಯ ಖಡಕಿಯ ನಮ್ಮ ಓಣಿಯಲ್ಲಿ ಯಾರಿಗೂ ತಿಳಿಯುವುದಿಲ್ಲ, "ಡ್ರೈವರ್ ಏನ್ರಿ?" ಅನ್ನುತ್ತಾರೆ. ಅಲ್ಲ. ಗಾಡಿಯ ತುದಿಗೆ ಗಾಜಿನ ಕಿಟಕಿಗಳ ಬದಲು ಜಾಲರಿ ಇರುವ ಬೋಗಿಯೊಂದಿರುತ್ತದಲ್ಲ, ಅದರೊಳಗೆ ಎರಡು ಡೀಸೆಲ್ ಜನರೇಟರುಗಳಿವೆ. ಇಡೀ ಗಾಡಿಯ ದೀಪ, ಫ್ಯಾನು, ಏಸಿ ಮೊದಲೆಲ್ಲ ನಡೆಯುತ್ತಿದ್ದದ್ದು ಅವುಗಳಿಂದ.

ಒಂದು ಖಂಡೇನವಮಿಗೆ ಯಾರ್ಡಿನಲ್ಲಿ ಆಯುಧಪೂಜೆಗೆಂದು ನಾನೂ ಒಳಗೆ ಹತ್ತಿದ್ದೆ. ಚೆಂಡುಹೂವಿನ ಮಾಲೆ ಹಾಕಿಸಿಕೊಂಡ ಜನರೇಟರಿನ ಎಂಜಿನ್ ನನಗಿಂತ ಎತ್ತರವಿತ್ತು. ಚಾಲೂ ಮಾಡಿದರು ನೋಡಿ, ನನ್ನ ಹಲ್ಲುಗಳೇ ಅದುರಿದವು. ಅಲ್ಲಿ ಬಾಯಿಗೆ ಕೆಲಸವಿಲ್ಲ, ಎಲ್ಲರದೂ ಕೈಸನ್ನೆಯ ಮಾತು. ಆ ಚಟ ನಮ್ಮ ಮನೆಗೂ ಬಂದಿದೆ. ಊಟ ಸಾಕೆನ್ನಲು ಅಂಗೈ ಅಡ್ಡ ಆಡಿಸುತ್ತಾರೆ. "ಇದು ಮನಿ ರೀ, ರೈಲಿನ ಡಬ್ಬಿ ಅಲ್ಲ" ಎಂದು ನಾನು ರೇಗುತ್ತೇನೆ.

ಈಗೀಗ ಗಾಡಿ ಎಳೆಯುವ ಎಲೆಕ್ಟ್ರಿಕ್ ಎಂಜಿನ್ನೇ ಮೇಲಿನ ತಂತಿಯಿಂದ ಬೋಗಿಗಳಿಗೂ ಕರೆಂಟು ಕೊಡುತ್ತದೆ. ಜನರೇಟರು ಆಪತ್ತಿಗೆ ಮಾತ್ರ. "ಕೂತು ಪಗಾರ ತಗೋಳೋ ಪುಣ್ಯವಂತರು" ಎಂದು ನಾನು ಛೇಡಿಸಿದರೆ, "ಸುಮ್ಮನಿದ್ದದ್ದನ್ನ ಕಾಯೂದು ಭಾಳ ತ್ರಾಸ ಅದ" ಎಂದು ನಗುತ್ತಿದ್ದರು.

ಕಳೆದ ಮಳೆಗಾಲದಲ್ಲಿ ನನ್ನ ಅವ್ವನನ್ನು ಮುಂಬೈಯ ದೊಡ್ಡ ಡಾಕ್ಟರಿಗೆ ತೋರಿಸಿಕೊಂಡು ಇವರದೇ ಗಾಡಿಯಲ್ಲಿ ಪುಣೆಗೆ ಹೊರಟಿದ್ದೆ. ಅವ್ವನಿಗೆ ದಮ್ಮು. ದಮ್ಮು ಏರಿದಾಗ ಔಷಧಿಯನ್ನು ಆವಿ ಮಾಡಿ ಕೊಡುವ ಪುಟ್ಟ ಯಂತ್ರ ಜೊತೆಗಿತ್ತು, ಅದಕ್ಕೆ ಕರೆಂಟು ಬೇಕು. ಇವರು ಪವರ್ ಕಾರಿನ ಪಕ್ಕದ ಏಸಿ ಬೋಗಿಯಲ್ಲೇ ನಮಗೆ ಸೀಟು ಮಾಡಿಸಿದ್ದರು.

ಲೋಣಾವಳಾ ಸ್ಟೇಷನ್ ಇನ್ನೂ ಮೇಲಿತ್ತು. ಘಾಟಿನಲ್ಲಿ ಅವ್ವನ ಎದೆ ಸುಂಯ್‌ಗುಡತೊಡಗಿತು. ಪ್ಲಗ್ ಹಾಕಿ ಮಾಸ್ಕ್ ಕಟ್ಟಿದೆ. ಆವಿ ಬಂತು ಅನ್ನುವಷ್ಟರಲ್ಲಿ ದೀಪ ಹೋಯಿತು, ಗಾಡಿ ನಿಂತಿತು. ಮುಂದೆಲ್ಲೋ ತಂತಿಯ ಮೇಲೆ ಮರ ಬಿದ್ದಿತ್ತೆಂದು ಆಮೇಲೆ ತಿಳಿಯಿತು. ಏಸಿಯೂ ಬಂದ್. ಕಿಟಕಿಯ ಗಾಜು ತೆರೆಯುವಂಥದ್ದಲ್ಲ. ಬಾಯಿಗೆ ದಮ್ಮಿನ ಪಂಪ್ ಹೊಡೆದೆ, ನಾಟಲಿಲ್ಲ. ಅವ್ವನ ಕುತ್ತಿಗೆಯ ನರ ಹಗ್ಗದಂತೆ ಬಿಗಿದವು. ನನ್ನ ಮಣಿಕಟ್ಟು ಹಿಡಿದುಕೊಂಡಳು, ಆ ಹಿಡಿತ ಸಡಿಲವಾಗುತ್ತ ಬಂತು. ಓಡಿಹೋಗಿ ಬೋಗಿಯ ಕೊನೆಯ ಗೋಡೆಯನ್ನು ಗುದ್ದಿದೆ. ಗಂಡ ಅದರಾಚೆಗೇ ಇದ್ದರೂ ಕೇಳಿಸಲಿಲ್ಲ. ಹೆದರಿಕೆಗೆ ಸಿಟ್ಟು ಬಂದು ಬಾಯಿಗೆ ಬಂದಂತೆ ಬೈದೆ.

ಆಗ ಅಂಗಾಲಿನ ಕೆಳಗೆ ನೆಲ ನಡುಗಿತು. ಗೋಡೆಯಾಚೆ ಏನೋ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಆಮೇಲೆ ಮೊರೆಯಿತು. ಖಂಡೇನವಮಿಗೆ ಕಿವಿ ಮುಚ್ಚಿಕೊಂಡವಳಿಗೆ ಈಗ ಮೈಯೆಲ್ಲ ಜುಮ್ಮೆಂದಿತು. ದೀಪ ಹತ್ತಿದವು. ಯಂತ್ರ ಗುರ್ರೆಂದಿತು, ಅವ್ವನ ಮೂಗಿನ ಸುತ್ತ ಬೆಳ್ಳಗೆ ಆವಿ ಹರಡಿತು. ಹೊರಗೆ ಜಡಿಮಳೆ, ಕತ್ತಲು ಕವಿದ ಬೆಟ್ಟ. ಅದರ ನಡುವೆ ಕೂಸುಗಳನ್ನು, ಮುದುಕರನ್ನು, ಇಷ್ಟುದ್ದದ ಗಾಡಿಯನ್ನೆಲ್ಲ ಆ ಒಂದು ಡಬ್ಬಿ ಉಸಿರಾಡಿಸುತ್ತಿತ್ತು. ಇಂಥದ್ದರ ಜೊತೆ ದಿನಾ ಬಾಳುವವನಿಗೆ ನಾನು ರೊಟ್ಟಿ ಕಟ್ಟಿಕೊಡುತ್ತಿದ್ದೆನೇ ಎಂದು ಬೆರಗಾಗಿ ಗಳಗಳ ಅತ್ತೆ.

ಜನರೇಟರು ಬಿಟ್ಟು ಇವರು ಕದಲುವಂತಿರಲಿಲ್ಲ. ಘಾಟಿನಲ್ಲಿ ಫೋನೂ ಹತ್ತಲಿಲ್ಲ, ಆಮೇಲೆ ಮಾಡಿದ್ದು ಆ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ತಂತಿಗೆ ಕರೆಂಟು ಬಂದ ಮೇಲೂ, ಮತ್ತೆ ಹೋದೀತೆಂದು ಪುಣೆಯವರೆಗೆ ಡೀಸೆಲ್ ಜನರೇಟರೇ ನಡೆಯಿತು. ಕರೆಂಟು ಹೋದರೆ ಅವ್ವನ ಯಂತ್ರ ನಿಲ್ಲುತ್ತದೆಂದು ಬಲ್ಲವರು, ಅತ್ತೆ ಇದ್ದಾಳೋ ಇಲ್ಲವೋ ತಿಳಿಯದೆ ಅಷ್ಟು ದಾರಿ ಬಂದಿದ್ದಾರೆ.

ಪ್ಲಾಟ್‌ಫಾರ್ಮಿನಲ್ಲಿ ಅವ್ವ ನನ್ನ ಹೆಗಲು ಹಿಡಿದು ಪವರ್ ಕಾರಿನ ಕಡೆಗೇ ನಡೆದಳು. ಇವರು ಬಾಗಿಲಲ್ಲಿ ನಿಂತಿದ್ದರು, ಕೈಯೆಲ್ಲ ಎಣ್ಣೆ. ಹುಬ್ಬೇರಿಸಿ ನನ್ನನ್ನು ಕೇಳಿದರು. ನಮ್ಮ ಮನೆತನದಲ್ಲಿ ಅತ್ತೆ ಅಳಿಯನ ಎದುರು ನಿಂತು ಮಾತಾಡುವುದಿಲ್ಲ, ಏನಿದ್ದರೂ ಮಗಳ ಬಾಯಿಂದ. ನಾನು ಬಾಯಿ ತೆರೆದೆ. ಅವ್ವ ನನ್ನನ್ನು ಪಕ್ಕಕ್ಕೆ ಸರಿಸಿದಳು. ತಲೆಯ ಮೇಲಿನ ಸೆರಗು ಜಾರಿದ್ದನ್ನೂ ಲೆಕ್ಕಿಸದೆ ಮುಖ ಎತ್ತಿ ಹೇಳಿದಳು.

"ಉಸಿರಾಡಾಕತ್ತೀನ್ರಿ. ನೋಡ್ರಿ, ಉಸಿರಾಡಾಕತ್ತೀನಿ."

ಆ ಮೊರೆತದಲ್ಲಿ ಅವರಿಗೆ ಒಂದು ಅಕ್ಷರವೂ ಕೇಳಿಸಿರಲಾರದು. ಆದರೂ ಬಾಗಿಲ ಮೆಟ್ಟಿಲ ಮೇಲೆ ಕುಸಿದು ಕೂತು, ಎಣ್ಣೆಗೈಯಲ್ಲೇ ಮುಖ ಮುಚ್ಚಿಕೊಂಡರು.